ಗೋವಿನಜೋಳದ ದಿಂಡು, ಔಡಲ ಬೀಜ ಮತ್ತು ಲೋಹದ ಮಧ್ಯಸ್ಥಿಕೆ

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಎರೆಯ ಹೊಲಗಳಲ್ಲಿ ಸುಗ್ಗಿ ತೀರಿದ ಮೇಲೆ ಗೋವಿನಜೋಳದ ದಿಂಡುಗಳ ರಾಶಿಯೂ ಶೇಂಗಾ ಸಿಪ್ಪೆಯೂ ಹತ್ತಿಕಟ್ಟಿಗೆಯ ಬಣವೆಗಳೂ ಉಳಿಯುವದು ಸರ್ವರಿಗೂ ತಿಳಿದ ವಿಷಯವು. ಅವುಗಳಲ್ಲಿ ಕೆಲವಂಶವು ಒಲೆಗೆ ಸಲ್ಲುವದು. ಮಿಕ್ಕದ್ದಕ್ಕೆ ಅನೇಕರು ಹೊಲದಲ್ಲಿಯೇ ಬೆಂಕಿ ಹಚ್ಚುವರು. ಇಂಥ ಸಸ್ಯಪದಾರ್ಥಗಳಿಂದ, ಲೋಹಗಳ ಸಹಾಯವನ್ನು ಪಡೆದು, ಬೆಲೆಯುಳ್ಳ ರಾಸಾಯನಿಕ ದ್ರವ್ಯಗಳನ್ನು ಮಾಡುವ ಉದ್ಯೋಗವು ಲೋಕದಲ್ಲಿ ನೂರು ವರ್ಷಗಳಿಂದ ನಡೆದುಬಂದಿದೆ. ಇದರಲ್ಲಿ ನಮ್ಮ ಗೌಡರಿಗೂ ಜಮೀನುದಾರರಿಗೂ ಹಿತವೆಷ್ಟು, ಎಚ್ಚರವಿರತಕ್ಕದ್ದು ಎಲ್ಲಿ ಎಂಬುದನ್ನು ಕುರಿತು ನಮ್ಮ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತೇವೆ.

ಕೆಲವು ದ್ರವ್ಯಗಳು ಎಷ್ಟು ಕಾಲ ಒಟ್ಟಿಗಿದ್ದರೂ ಒಂದರೊಡನೊಂದು ಕೂಡಲಾರವು. ನುಣ್ಣಗಿನ ನಿಕೆಲ್ ಅಥವಾ ತಾಮ್ರದ ಪುಡಿಯು ನಡುವೆ ಬಂದರೆ ಬೇಗನೆ ಕೂಡುವವು. ಲೋಹವು ಮಾತ್ರ ಖರ್ಚಾಗದೆ ಉಳಿಯುವದು. ಇಂಥದಕ್ಕೆ ಕ್ರಿಯಾವರ್ಧಕವೆಂದು ಹೆಸರು. ಪೇಟೆಯ ದಲಾಲನು ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸುವಂತೆಯೇ ಇದರ ಕೆಲಸವು. ದಲಾಲಿಯನ್ನು ಮುರಿದುಕೊಳ್ಳುವದಿಲ್ಲವೆಂಬುದೊಂದೇ ಭೇದ. ನಿಕೆಲ್ಲಿನ ಈ ಗುಣವನ್ನು ಶೋಧಿಸಿದ ಫ್ರಾನ್ಸಿನ ಪಾಲ್ ಸಬಾತಿಯೆ ಎಂಬ ಪಂಡಿತನಿಗೆ ೧೯೧೨ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅದಕ್ಕೂ ಮೊದಲೇ, ೧೯೦೨ರಲ್ಲಿ, ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ನನು ತೆಳು ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿ ಮಾಡುವ ಕ್ರಮಕ್ಕೆ ಪೇಟೆಂಟ್ ಪಡೆದಿದ್ದನು. ಹತ್ತಿಕಾಳಿನ ಎಣ್ಣೆಯು ವನಸ್ಪತಿಯಾದದ್ದು ಈ ಮಾರ್ಗದಿಂದಲೇ. ಆದರೆ ಅರೆಗಟ್ಟಿಯಾದ ಎಣ್ಣೆಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡು ಮಾಡುವದು. ೨೦೨೨ರ ಜನವರಿಯಿಂದ ನಮ್ಮ ದೇಶದಲ್ಲಿ ಅದು ನೂರಕ್ಕೆ ಎರಡನ್ನು ಮೀರಕೂಡದೆಂದು ನಿಯಮವಾಗಿದೆ. ಆದಕಾರಣ ಉಣ್ಣುವ ಪದಾರ್ಥಗಳಲ್ಲಿ ಈ ವಿದ್ಯೆಯ ಭವಿಷ್ಯವನ್ನು ನಾವು ಹುಡುಕುವದಿಲ್ಲ.

ಔಡಲವನ್ನು ನೋಡಿರಿ. ಅದರ ಬೀಜದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಎಣ್ಣೆಯಿರುವದು. ನಿಕೆಲ್ಲಿನ ಸಮಕ್ಷಮದಲ್ಲಿ ಜಲಜನಕವನ್ನು ಕೂಡಿಸಿದರೆ ಆ ಎಣ್ಣೆಯು ಮೇಣದಂತೆ ಗಟ್ಟಿಯಾಗುವದು. ಅದರಿಂದ ತೆಗೆದ ಆಮ್ಲವು ಲಿಥಿಯಮ್ ಲೋಹದೊಡನೆ ಸೇರಿ ಲಾರಿಯ ಗಾಲಿಗಳಿಗೂ ಯಂತ್ರಗಳಿಗೂ ಹಚ್ಚುವ ಗ್ರೀಸಿಗೆ ಆಧಾರವಾಗುವದು. ಲೋಕದ ಔಡಲದಲ್ಲಿ ಬಹುಪಾಲು ಹಿಂದುಸ್ಥಾನದ್ದೇ, ಅದರಲ್ಲಿಯೂ ಗುಜರಾಥದ್ದು. ನಮ್ಮಲ್ಲಿ ಅದು ಹೊಲದಂಚಿನ ಗಿಡವಾಗಿಯೇ ಉಳಿದಿದೆ. ಹತ್ತಿ, ಮೆಣಸಿನಕಾಯಿಗಳ ಸುತ್ತ ಅಂಚಿಗೆ ಹಾಕಿದರೆ ಎಲೆ ತಿನ್ನುವ ಹುಳುಗಳನ್ನು ತನ್ನತ್ತ ಎಳೆದುಕೊಳ್ಳುವ ಗುಣವೂ ಅದಕ್ಕುಂಟು. ಎಣ್ಣೆ ತೆಗೆದ ಹಿಂಡಿಯು ಗೊಬ್ಬರಕ್ಕೆ ಮಾತ್ರ ಸಲ್ಲತಕ್ಕದ್ದು. ದನಗಳಿಗೆ ಅದು ವಿಷ.

ದಿಂಡಿನ ಮಾತು ಇನ್ನೂ ಸ್ವಾರಸ್ಯವಾದದ್ದು. ಕಾಳು ಬಿಡಿಸಿದ ದಿಂಡನ್ನು ಆಮ್ಲ ಮತ್ತು ಉಗಿಗಳಿಂದ ಬೇಯಿಸಿದರೆ ಫರ್‌ಫ್ಯೂರಾಲ್ ಎಂಬ ದ್ರವವು ಹೊರಬೀಳುವದು. ನೂರು ಕ್ವಿಂಟಲ್ ಒಣ ದಿಂಡಿಗೆ ಸುಮಾರು ಹತ್ತು ಕ್ವಿಂಟಲ್. ಅಮೇರಿಕೆಯ ಕ್ವೇಕರ್ ಓಟ್ಸ್ ಕಂಪನಿಯು ೧೯೨೨ರಲ್ಲಿ ಓಟ್ಸ್ ಕಾಳಿನ ಹೊಟ್ಟಿನಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತು. ಈಗ ಚೀನಾ ದೇಶವು ದಿಂಡಿನಿಂದಲೇ ಮಾಡಿ ಎಲ್ಲರನ್ನೂ ಮೀರಿದೆ. ಇಲ್ಲಿಂದ ಮುಂದೆ ತಾಮ್ರದ ಸರದಿಯು. ತಾಮ್ರದ ಕ್ರಿಯಾವರ್ಧಕದ ಮೇಲೆ ಜಲಜನಕದೊಡನೆ ಹಾಯಿಸಿದಾಗ ಫರ್‌ಫ್ಯೂರಾಲು ಫರ್‌ಫ್ಯೂರೈಲ್ ಆಲ್ಕೊಹಾಲ್ ಆಗುವದು, ಅದರಿಂದ ರಾಳವಾಗುವದು. ಕಬ್ಬಿಣದ ಎರಕದ ಅಚ್ಚುಗಳಲ್ಲಿ ಮರಳನ್ನು ಹಿಡಿದು ನಿಲ್ಲಿಸುವ ಅಂಟು ಅದೇ. ಎರಕದ ಕಾರಖಾನೆಗಳಾದರೋ ನಮ್ಮ ಬೆಳಗಾವಿಯಲ್ಲಿಯೂ ಕೊಲ್ಹಾಪುರದಲ್ಲಿಯೂ ಹೇರಳವಾಗಿವೆ. ಗಿರಾಕಿಯನ್ನು ಹುಡುಕಲು ಸಮುದ್ರ ದಾಟಬೇಕಾಗಿಲ್ಲ.

ಇಷ್ಟಾದರೂ ದಿಂಡನ್ನು ಇಂದೇ ಬಂಗಾರವೆಂದು ಹೇಳುವವರ ಮಾತಿಗೆ ನಾವು ಒಪ್ಪುವದಿಲ್ಲ. ದಿಂಡು ಹಗುರ, ಗಾಡಿ ತುಂಬಿದರೂ ತೂಕ ಬಾರದು. ದೂರ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ನುಂಗುವದು. ಕಾರಖಾನೆಯು ಹತ್ತಿರದಲ್ಲಿರಬೇಕು, ಇಲ್ಲವೆ ಊರಲ್ಲಿಯೇ ಒಣಗಿಸಿ ಒತ್ತಿ ಕಟ್ಟುವ ಸೌಕರ್ಯವಿರಬೇಕು. ಒಬ್ಬೊಬ್ಬ ಒಕ್ಕಲಿಗನಿಂದ ಇದು ಸಾಗದು. ಹಿಂದುಸ್ಥಾನದ ಮೊದಲ ಒಕ್ಕಲುತನದ ಸಹಕಾರಿ ಪತ್ತಿನ ಸಂಘವು ೧೯೦೫ರಲ್ಲಿ ಸ್ಥಾಪಿತವಾದದ್ದು ನಮ್ಮ ಗದಗಿನ ಮಗ್ಗುಲಿನ ಕಣಗಿನಹಾಳದಲ್ಲಿ. ಆ ಊರಿನ ನೆರೆಯವರಾದ ನಾವು ದಿಂಡಿನ ದರವನ್ನು ಕೂಡಿ ಗೊತ್ತುಮಾಡದೆ ಬಂದಬಂದ ಅಡತಿಯವನಿಗೆ ಬಿಡಿಬಿಡಿಯಾಗಿ ಕೊಡುವದು ಲಜ್ಜೆಯ ಸಂಗತಿಯು.

ಮಾಲಿನ ಶುದ್ಧಿಯೂ ಅಷ್ಟೇ ಮುಖ್ಯವಾದದ್ದು. ಗಂಧಕ, ರಂಜಕ, ಸಾಬೂನಿನ ಅಂಶ ಇವು ನಿಕೆಲ್ಲಿನ ಶಕ್ತಿಯನ್ನು ಕೊಲ್ಲುವವು. ಹಸಿಯಾಗಿ ಕೂಡಿಟ್ಟ ಬೀಜದ ಎಣ್ಣೆಯಲ್ಲಿ ಹುಳಿಯು ಹೆಚ್ಚುವದು. ಅದನ್ನು ತಿಳಿಮಾಡುವ ಖರ್ಚನ್ನು ಕೊಳ್ಳುವವನು ನಿಮ್ಮ ಬೆಲೆಯಲ್ಲಿಯೇ ಕಳೆಯುವನು.

ಜೋಳದ ಕಣಿಕೆಯನ್ನು ಯಾವ ಬೆಲೆಗೂ ಈ ಲೆಕ್ಕಕ್ಕೆ ತರಬಾರದು. ಮಳೆ ಕೈಕೊಟ್ಟ ವರ್ಷ ದನಗಳನ್ನು ಉಳಿಸುವದು ಅದೇ, ಅವುಗಳ ಸಗಣಿಯಿಂದ ಎರೆಗೆ ಸತ್ವ ಬರುವದು. ಹತ್ತಿಕಟ್ಟಿಗೆಯ ವಿಷಯದಲ್ಲಿ ಎರಡು ಮಾತುಗಳಿವೆ. ಫರ್‌ಫ್ಯೂರಾಲಿನ ಅಂಶವು ಅದರಲ್ಲಿಯೂ ಉಂಟು, ದಿಂಡಿನಷ್ಟಿಲ್ಲ. ಬೇಸಿಗೆಯುದ್ದಕ್ಕೂ ಬಣವೆಯೊಟ್ಟಿದರೆ ಒಣಗಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಹುಳುವು ಅಡಗಿದ್ದು ಮುಂದಿನ ಪೀಕಿಗೆ ಬೀಳುವದರಿಂದ, ಮಾರಿ ಖಾಲಿ ಮಾಡುವದು ಹೊಲಕ್ಕೆ ಹಿತವೇ. ಆದರೆ ಎಷ್ಟೋ ಊರುಗಳಲ್ಲಿ ಹತ್ತಿ ಬಿಡಿಸುವ ಹೆಣ್ಣಾಳುಗಳ ಒಲೆಗಳು ಈ ಕಟ್ಟಿಗೆಯಿಂದಲೇ ಉರಿಯುವವು. ಆದುದರಿಂದ ಗೌಡರು ಪಂಚರೊಡನೆ ಕುಳಿತು, ಮಾರಾಟದ ಮಾತಿಗೆ ಮುನ್ನವೇ ಆಳುಗಳ ಪಾಲೆಷ್ಟೆಂಬುದನ್ನು ಗೊತ್ತುಮಾಡಿ ತೆಗೆದಿರಿಸತಕ್ಕದ್ದು. ಆ ಪಾಲಿನಲ್ಲಿಯ ಕಾಯಿಗಳನ್ನು ಮಾತ್ರ ಬಡಿದು ಉದುರಿಸಿ ಮುಂಗಾರಿಗೆ ಮೊದಲೇ ಸುಡಿಸಬೇಕು.