ನಾಣ್ಯ ಸಾಚಾ, ಚೀಟಿ ಖೋಟಾ

ಖೋಟಾ ನಾಣ್ಯ ಅಚ್ಚು ಹಾಕಿದವನನ್ನು ಸರ್ಕಾರ ಹಿಡಿದು ಸೆರೆಮನೆಗೆ ಕಳಿಸುತ್ತದೆ. ಸಾಚಾ ನಾಣ್ಯಕ್ಕೆ ಖೋಟಾ ಚೀಟಿ ಅಂಟಿಸಿದವನಿಗೆ ನಾವು ಹಾರ ಹಾಕಿ, ಶಾಲು ಹೊದಿಸಿ, ವೇದಿಕೆಯ ಮೇಲೆ ಕೂರಿಸುತ್ತೇವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಜಾತ್ರೆ ಸಂತೆಗಳಲ್ಲಿಯೂ ಶಾಲೆಗಳ ವಸ್ತುಪ್ರದರ್ಶನಗಳಲ್ಲಿಯೂ ಇಪ್ಪತ್ತು ವರ್ಷಗಳಿಂದ ಹಳೆಯ ನಾಣ್ಯಗಳನ್ನು ನೋಡುತ್ತ ಬಂದಿರುವ ನನಗೆ ಈ ಎರಡನೆಯ ಮಹನೀಯರ ಮೇಲೆಯೇ ತಕರಾರು.

ನಮ್ಮ ಸೀಮೆಯಲ್ಲಿ ಯಾವ ಹಳೆಯ ನಾಣ್ಯ ಸಿಕ್ಕಿದರೂ ಅದಕ್ಕೆ ಒಂದೇ ಹೆಸರು: ‘ಕೆಂಪೇಗೌಡರ ಕಾಲದ್ದು’. ಈ ಹೆಸರಿಗೆ ಒಂದು ಆಧಾರವಿಲ್ಲದೆ ಇಲ್ಲ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರು ವಿಜಯನಗರದ ಅರಸರ ಅಪ್ಪಣೆಯಿಲ್ಲದೆ ಬೈರೇದೇವರ ನಾಣ್ಯ ಹಾಕಿಸಿದರು, ಅದಕ್ಕಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದರು ಎಂಬ ಐತಿಹ್ಯ ನಮ್ಮ ಕಡೆ ಬಾಯಿಂದ ಬಾಯಿಗೆ ಬಂದಿದೆ; ರೈಸ್ ಸಾಹೇಬರ ಗೆಜೆಟಿಯರಿನಲ್ಲಿಯೂ ಸೇರಿದೆ. ಸ್ವಂತ ನಾಣ್ಯ ಹಾಕಿಸುವುದೆಂದರೆ ‘ನಾನೂ ಒಬ್ಬ ದೊರೆ’ ಎಂದು ಸಾರಿದಂತೆ. ಆ ಮಾತಿಗೆ ಗೌಡರು ಐದು ವರ್ಷದ ಬೆಲೆ ತೆತ್ತರು. ಅಂಥ ನಾಣ್ಯದ ಹೆಸರನ್ನು ನಾವು ಸಂತೆಯಲ್ಲಿ ಹುಣಿಸೆಹಣ್ಣು ತೂಗಿದಂತೆ ಕಂಡಕಂಡವರಿಗೆಲ್ಲ ತೂಗಿಕೊಡುತ್ತಿದ್ದೇವೆ. ಕೆಂಪೇಗೌಡರ ಹೆಸರನ್ನು ಹೊತ್ತ ನಾಣ್ಯವೊಂದನ್ನು ತಂದು ನನ್ನ ಅಂಗೈ ಮೇಲಿಟ್ಟವರು ಇದುವರೆಗೆ ಒಬ್ಬರೂ ಇಲ್ಲ. ಹಾಗೆಂದು ಹೇಳಿಕೊಂಡವರು ನೂರು ಮಂದಿ ಇದ್ದಾರೆ.

ಅವರು ತರುವುದೇನು? ಬಹುಮಟ್ಟಿಗೆ ಶಿವಪಾರ್ವತಿಯರು ಕುಳಿತಿರುವ ವರಹ, ಇಲ್ಲವೆ ಅದರ ಪ್ರತಿ. ಶಿವನೆಂದರೆ ಭೈರವ, ಭೈರವನೆಂದರೆ ಬೈರೇದೇವರು, ಆದ್ದರಿಂದ ಕೆಂಪೇಗೌಡರು ಎಂಬುದು ಇವರ ತರ್ಕ. ಆದರೆ ಈ ಶಿವಪಾರ್ವತಿಯರು ಎಷ್ಟು ಅರಮನೆಗಳಲ್ಲಿ ವಾಸ ಮಾಡಿದವರೆಂಬುದನ್ನು ವಾಚಕರು ಗಮನಿಸಬೇಕು. ವಿಜಯನಗರದ ಅರಸರಲ್ಲಿ ಕೆಲವರು ಅವರನ್ನು ನಾಣ್ಯದ ಮೇಲೆ ಕೂರಿಸಿದರು. ಆಮೇಲೆ ಇಕ್ಕೇರಿಯ ನಾಯಕರು. ಇಕ್ಕೇರಿಯ ರಾಜ್ಯವನ್ನು 1763ರಲ್ಲಿ ಗೆದ್ದ ಹೈದರ್ ಅಲಿ ಆ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಮಾತ್ರ ಹಾಕಿಸಿದ. ಕೊನೆಗೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಅದನ್ನೇ ಹಾಕಿಸಿದರು. ಚಿತ್ರ ಒಂದೇ, ಟಂಕಸಾಲೆಗಳು ಹಲವು. ಯಾರದೆಂದು ತಿಳಿಯಬೇಕಾದರೆ ನಾಣ್ಯವನ್ನು ಮಗುಚಿ ಬೆನ್ನನ್ನು ಓದಬೇಕು. ಈ ಅರ್ಧ ನಿಮಿಷದ ಕೆಲಸವನ್ನು ಯಾರೂ ಮಾಡುವುದಿಲ್ಲ.

ಮಗುಚಿ ನೋಡಿದವರೂ ಅರ್ಧ ಓದಿ ಬಿಡುತ್ತಾರೆ. ಬೆನ್ನಿನ ಮೇಲೆ ನಾಗರಿಯಲ್ಲಿ ‘ಶ್ರೀ ಸದಾಶಿವ’ ಎಂದು ಕಂಡ ಕೂಡಲೆ ವಿಜಯನಗರದ ಸದಾಶಿವರಾಯನೆಂದು ಚೀಟಿ ಬರೆಯುತ್ತಾರೆ. ರಾಯನ ವರಹದಲ್ಲಿ ‘ರಾಯ’ ಎಂಬುದು ಇರುತ್ತದೆ. ಬರಿಯ ‘ಶ್ರೀ ಸದಾಶಿವ’ ಇಕ್ಕೇರಿಯದು. ‘ಶ್ರೀ ಕೃಷ್ಣರಾಜ’ ಎಂದಿದ್ದರಂತೂ ಕೇಳಬೇಡಿ, ನೇರವಾಗಿ ಕೃಷ್ಣದೇವರಾಯ! ಕೃಷ್ಣದೇವರಾಯನ ಹೆಸರುವಾಸಿಯಾದ ವರಹದ ಮುಖದಲ್ಲಿರುವುದು ಬಾಲಕೃಷ್ಣ, ಬೆನ್ನಿನಲ್ಲಿರುವುದು ‘ಶ್ರೀ ಪ್ರತಾಪ ಕೃಷ್ಣರಾಯ’. ಶಿವಪಾರ್ವತಿಯರಿದ್ದು ‘ಶ್ರೀ ಕೃಷ್ಣರಾಜ’ ಎಂದಿರುವುದು 1868ರಲ್ಲಿ ತೀರಿಕೊಂಡ ಮೈಸೂರಿನ ದೊರೆಯದು. ಒಂದು ಪದವನ್ನು ನುಂಗಿ ಮೂರು ಶತಮಾನ ಹಿಂದಕ್ಕೆ ಹಾರುವ ಈ ಹನುಮಂತರನ್ನು ಏನೆನ್ನಬೇಕು?

ಇನ್ನು ಆನೆಯ ಕಾಸು. ಕನ್ನಡ ಮೇಷ್ಟರಾದ ನನಗೆ ಹೆಚ್ಚು ಹೊಟ್ಟೆ ಉರಿಯುವುದು ಇಲ್ಲಿಯೇ. ಆನೆಯಿರುವ ತಾಮ್ರದ ನಾಣ್ಯವೆಲ್ಲ ಟಿಪ್ಪುವಿನದೆಂದು ನಮ್ಮವರು ತೀರ್ಮಾನಿಸಿಬಿಟ್ಟಿದ್ದಾರೆ. ಟಿಪ್ಪುವಿನ ಆನೆಗಳು ನಿಜ, ಬಹಳ ಚೆಲುವಾದ ಆನೆಗಳು. ಅವುಗಳ ಬೆನ್ನಿಗೆ ಪಾರಸಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ಆದರೆ ಮುಮ್ಮಡಿಯವರ ಕಾಸಿನ ಮೇಲೂ ಆನೆಯಿದೆ, ಅದರ ಮೇಲೆ ಸೂರ್ಯಚಂದ್ರರಿದ್ದಾರೆ. ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂದು ಅಚ್ಚಗನ್ನಡದ ಅಕ್ಷರಗಳಿವೆ, ಬೆಲೆ ಇಂಗ್ಲಿಷಿನಲ್ಲಿಯೂ ಇದೆ. ಕೆಲವು ಕಾಸುಗಳಲ್ಲಿ ಆನೆಯ ನೆತ್ತಿಯ ಮೇಲೆ ‘ಶ್ರೀ’ ಇದೆ, ಇನ್ನು ಕೆಲವರಲ್ಲಿ ‘ಚಾಮುಂಡಿ’ಯ ಹೆಸರೇ ಇದೆ. ಚನ್ನಪಟ್ಟಣದ ಬಳಿ ಕೆಂಗಲ್ ಜಾತ್ರೆಯಲ್ಲಿ ಇಂಥದೊಂದು ಕಾಸನ್ನು ಟಿಪ್ಪುವಿನದೆಂದು ಕೂಗುತ್ತಿದ್ದವನಿಗೆ ನಾನು ಅಕ್ಷರಗಳನ್ನು ತೋರಿಸಿದೆ. ಅವನು ನಕ್ಕು, “ಅದ್ನೆಲ್ಲ ಓದೋರು ಯಾರು ಮೇಷ್ಟ್ರೆ? ಟಿಪ್ಪು ಅಂದ್ರೆ ಐನೂರು, ಒಡೆಯರು ಅಂದ್ರೆ ನೂರೈವತ್ತು” ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಕನ್ನಡದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುವ ನಾಡಿನಲ್ಲಿ ತಾಮ್ರದ ಮೇಲೆ ಕೊರೆದ ಐದಾರು ಕನ್ನಡ ಅಕ್ಷರ ಓದುವವರಿಲ್ಲ.

ಟಿಪ್ಪುವಿನ ನಿಜವಾದ ನಾಣ್ಯಕ್ಕೂ ಸುಖವಿಲ್ಲ. ಅವನು ಹಿಜರಿ ಶಕೆಯನ್ನು ಬಿಟ್ಟು ‘ಮೌಲೂದಿ’ ಎಂಬ ಬೇರೆ ಶಕೆಯನ್ನು ಬಳಕೆಗೆ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೌಲೂದಿ 1222 ಎಂದರೆ ಸುಮಾರು 1794. ಅದನ್ನು ಹಿಜರಿಯೆಂದು ತಿಳಿದು ಲೆಕ್ಕ ಹಾಕಿದರೆ 1807 ಬರುತ್ತದೆ. ಟಿಪ್ಪು ಮಡಿದದ್ದು 1799ರಲ್ಲಿ. ಹೀಗೆ ಸತ್ತು ಎಂಟು ವರ್ಷವಾದ ಮೇಲೂ ಅವನಿಂದ ನಾಣ್ಯ ಹಾಕಿಸಿ, ‘ಅತ್ಯಂತ ಅಪರೂಪ’ ಎಂದು ಬೆಲೆ ಹತ್ತರಷ್ಟು ಏರಿಸಿದ ಚೀಟಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ‘ಕಂಠೀರಾಯಿ ವರಹ’ ಮಾರುವವರೂ ಇದ್ದಾರೆ. ಕಂಠೀರವ ನರಸರಾಜರು ಹಾಕಿಸಿದ್ದು ಹಣ, ತೊಗರಿಬೇಳೆಯಷ್ಟು ಸಣ್ಣದು. ಅಂಥ ಹತ್ತು ಹಣಕ್ಕೆ ಒಂದು ವರಹ ಎಂಬುದು ಲೆಕ್ಕದ ಕಡತದಲ್ಲಿತ್ತೇ ಹೊರತು ಟಂಕಸಾಲೆಯಲ್ಲಿ ಇರಲಿಲ್ಲ. ಆ ಹಣವನ್ನೇ ಮುಂದೆ ದಿವಾನ್ ಪೂರ್ಣಯ್ಯನವರು ಮತ್ತೆ ಹಾಕಿಸಿದಾಗ ಜನ ಹಳೆಯದನ್ನು ‘ಅಗಲ’ವೆಂದೂ ಹೊಸದನ್ನು ‘ಗಿಡ್ಡ’ವೆಂದೂ ಕರೆದು ಬೇರೆ ಮಾಡಿಕೊಂಡರು. ಓದುಬರಹವಿಲ್ಲದ ರೈತನಿಗೆ ಇದ್ದ ಆ ವಿವೇಕ ನಮಗಿಲ್ಲವಾಯಿತೆ?

ಕುಂಪಣಿಯ ಹೆಸರಿನ, 1818ನೆಯ ಇಸವಿಯ, ರಾಮಸೀತೆ ಹನುಮಂತರ ಚಿತ್ರವುಳ್ಳ ‘ಆಣೆ’ಗಳ ವಿಚಾರ ಹೆಚ್ಚು ಬರೆಯುವುದು ವ್ಯರ್ಥ. ಕುಂಪಣಿ ಅಂಥದನ್ನು ಹಾಕಿಸಲೇ ಇಲ್ಲ. ಅಕ್ಕಿಯನ್ನು ಎಳೆಯುತ್ತದೆಂದು ನಂಬಿಸಿ ಇವನ್ನು ಲಕ್ಷಗಟ್ಟಲೆಗೆ ಮಾರುವ ದಂಧೆಯನ್ನು ಪೊಲೀಸರು ನೋಡಿಕೊಳ್ಳಲಿ.

ಸಂತೆಯ ವ್ಯಾಪಾರಿಯನ್ನು ನಾನು ಅರ್ಧ ಕ್ಷಮಿಸಬಲ್ಲೆ, ಅವನಿಗೆ ಸಂಜೆಯ ಊಟ ಆಗಬೇಕು. ಓದಿದವರನ್ನು ಕ್ಷಮಿಸಲಾರೆ. ನಮ್ಮ ಜಿಲ್ಲೆಯ ಶಾಲೆಯೊಂದರ ಪ್ರದರ್ಶನದಲ್ಲಿ ಮೈಸೂರಿನ ಕೃಷ್ಣರಾಜರ ವರಹದ ಪ್ರತಿಯ ಕೆಳಗೆ ‘ಮಾಗಡಿ ಕೆಂಪೇಗೌಡರ ಚಿನ್ನದ ನಾಣ್ಯ’ ಎಂದು ಬರೆದಿತ್ತು. ಹೇಳಿದೆ. “ಭಾವನೆ ಮುಖ್ಯ ಸಾರ್, ಮಕ್ಕಳಿಗೆ ಅಭಿಮಾನ ಬರಲಿ” ಎಂದರು. ಮಾಗಡಿಯನ್ನು 1728ರಲ್ಲಿ ಗೆದ್ದು ಕೆಂಪೇಗೌಡರ ವಂಶದ ಕೊನೆಯ ಪ್ರಭುವನ್ನು ಸೆರೆಗೆ ಹಾಕಿದ್ದು ಮೈಸೂರಿನ ಅರಮನೆ. ಆ ಅರಮನೆಯ ನಾಣ್ಯವನ್ನೇ ಗೌಡರ ಹೆಸರಿನಲ್ಲಿ ಪೂಜೆಗಿಡುವುದು ಯಾವ ಬಗೆಯ ಅಭಿಮಾನವೊ ನನಗೆ ಅರ್ಥವಾಗಲಿಲ್ಲ. ಒಂದು ದಿನ ಬೈರೇದೇವರ ನಾಣ್ಯ ನಿಜವಾಗಿಯೂ ಸಿಕ್ಕಿತೆನ್ನಿ. ಅಷ್ಟರಲ್ಲಿ ನಾವು ನೂರಾರು ಸುಳ್ಳು ಬೈರೇದೇವರನ್ನು ಗಾಜಿನ ಪೆಟ್ಟಿಗೆಗಳಲ್ಲಿ ತುಂಬಿಟ್ಟಿರುತ್ತೇವೆ. ನಿಜವಾದದ್ದು ಬಂದು ಬಾಗಿಲಲ್ಲಿ ನಿಂತರೆ ‘ನೂರೊಂದನೆಯದು’ ಎಂದು ಯಾರೂ ತಲೆಯೆತ್ತಿ ನೋಡುವುದಿಲ್ಲ.

ಕೆಲವರು ಚೀಟಿಗೆ ಬಲ ಕೊಡಲು ‘ಸಾವನದುರ್ಗದ ತಪ್ಪಲಲ್ಲಿ ಹೊಲ ಉಳುವಾಗ ಸಿಕ್ಕಿತು’ ಎಂದು ಸೇರಿಸುತ್ತಾರೆ. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂದು 1878ರಲ್ಲಿಯೇ ಕಾನೂನಾಗಿದೆ. ಆ ಮಾತು ನಿಜವಾದರೆ ನಾಣ್ಯ ಇವರ ಪೆಟ್ಟಿಗೆಯಲ್ಲಿ ಇರತಕ್ಕದ್ದಲ್ಲ.

ಊರುಗಳ ಚೀಟಿ ಬದಲಾಯಿಸುವುದು ನಮ್ಮ ಕಡೆಗೆ ಹೊಸದಲ್ಲ ಎಂದು ಯಾರಾದರೂ ನಗಬಹುದು. ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆ, ಕನಕಪುರ ಕಾನಕಾನಹಳ್ಳಿ. ಜಿಲ್ಲೆಯೇ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಊರಿನ ಹೆಸರು ಇರುವವರ ಇಷ್ಟ. ನಾಣ್ಯವಾದರೊ ತನ್ನ ಹೆಸರನ್ನು ಮೈಮೇಲೆ ಕೊರೆಸಿಕೊಂಡೇ ಟಂಕಸಾಲೆಯಿಂದ ಹೊರಬಿದ್ದಿದೆ.

ಪ್ರದರ್ಶನ ನಡೆಸುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಮೇಲೆ ಬರೆದ ಪುಸ್ತಕ 1975ರಷ್ಟು ಹಿಂದೆಯೇ ಹೊರಬಂದಿದೆ. ಚೀಟಿ ಬರೆಯುವ ಮೊದಲು ಯಾವುದಾದರೂ ಗ್ರಂಥಾಲಯದಲ್ಲಿ ಅದನ್ನು ತೆರೆದು ನೋಡಲಿ. ಅಕ್ಷರ ಸವೆದು ಓದಲಾಗದಿದ್ದರೆ ‘ಯಾರದೆಂದು ತಿಳಿಯದು’ ಎಂದು ಬರೆಯಲಿ. ಗಾಜಿನ ಪೆಟ್ಟಿಗೆಯ ತಳಕ್ಕೆ ಒಂದು ಕನ್ನಡಿಯನ್ನು ಹಾಸಿ, ನಾಣ್ಯವನ್ನು ಅದರಿಂದ ಎರಡು ಬೆರಳು ಮೇಲೆ ತೂಗಿಬಿಟ್ಟರೆ, ನೋಡಬಂದ ಹುಡುಗರು ಅದರ ಬೆನ್ನನ್ನೂ ನೋಡಬಹುದು.