ಟಿಕೆಟ್ಟು ಅಗ್ಗ, ಕೂರುವ ಜಾಗವೆಲ್ಲಿ?

ರಾತ್ರಿ ಬೆಂಗಳೂರಿಗೆ ಹೋಗುವ ಗಾಡಿ ಬರುವ ಹೊತ್ತಿಗೆ ನಮ್ಮ ಭಾಗದ ಯಾವ ಸ್ಟೇಷನ್ನಿಗಾದರೂ ಹೋಗಿ ನಿಂತು ನೋಡಿ. ಪ್ಲಾಟ್‌ಫಾರಂನ ನಡುಭಾಗದಲ್ಲಿ, ಸೂರಿನ ಕೆಳಗೆ, ಒಳ್ಳೆಯ ಬೆಳಕಿನಲ್ಲಿ ಎ.ಸಿ. ಡಬ್ಬಿಗಳು ಬಂದು ನಿಲ್ಲುತ್ತವೆ. ಅಲ್ಲಿ ಹತ್ತುವವರು ನಂಬರು ನೋಡಿಕೊಂಡು ನಿಧಾನವಾಗಿ ಹತ್ತುತ್ತಾರೆ. ಜನರಲ್ ಡಬ್ಬಿ ಎಲ್ಲಿ? ಒಂದೆರಡು ಎಂಜಿನ್ನಿನ ಹಿಂದೆ, ಒಂದೆರಡು ಬಾಲದ ತುದಿಯಲ್ಲಿ. ಸೂರು ಮುಗಿದು, ದೀಪ ಮಂಕಾಗುವಲ್ಲಿ ಅವು ನಿಲ್ಲುತ್ತವೆ. ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಅಷ್ಟರೊಳಗೆ ನೂರಾರು ಜನ ಎರಡು ಬಾಗಿಲುಗಳಲ್ಲಿ ನುಗ್ಗಬೇಕು. ಕೂಸನ್ನು ಕಿಟಕಿಯಲ್ಲಿ ಕೊಟ್ಟು ಆಮೇಲೆ ತಾಯಿ ಹತ್ತುತ್ತಾಳೆ. ಹತ್ತಲಾರದ ಮುದುಕ ಪ್ಲಾಟ್‌ಫಾರಂ ಮೇಲೆಯೇ ಉಳಿಯುತ್ತಾನೆ.

ಯಾರು ಈ ಜನ? ನಮ್ಮ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಬೆಂಗಳೂರಿನ ಗಾರ್ಮೆಂಟ್ಸಿಗೂ ಗಾರೆ ಕೆಲಸಕ್ಕೂ ಹೊರಟವರ ಮಕ್ಕಳು. ಚಿಕ್ಕಪೇಟೆಯಲ್ಲಿ ಬಟ್ಟೆ ಹಿಡಿದು ಮಾರನೆಯ ದಿನ ಊರಿನ ಸಂತೆಯಲ್ಲಿ ಮಾರುವ ಸಣ್ಣ ವ್ಯಾಪಾರಿ. ದೊಡ್ಡಾಸ್ಪತ್ರೆಯಲ್ಲಿ ಮಲಗಿದ ನೆಂಟನಿಗೆ ಬುತ್ತಿ ಒಯ್ಯುವ ಹೆಂಗಸು. ಇವರಲ್ಲಿ ಯಾರೂ ಪುಕ್ಕಟೆ ಹೊರಟವರಲ್ಲ. ಎಲ್ಲರ ಜೇಬಿನಲ್ಲೂ ದುಡ್ಡು ಕೊಟ್ಟು ಕೊಂಡ ಟಿಕೆಟ್ಟಿದೆ. ಇಲ್ಲದಿರುವುದು ಕಾಲೂರಲು ಒಂದು ಗೇಣು ಜಾಗ.

ಈ ಮಾತು ಎತ್ತಿದರೆ ರೈಲ್ವೆ ಇಲಾಖೆಯವರ ಉತ್ತರ ಸಿದ್ಧವಾಗಿದೆ: "ನಮ್ಮ ದರ ನೋಡಿ, ಇಷ್ಟು ಅಗ್ಗದ ಪ್ರಯಾಣ ಬೇರೆ ಎಲ್ಲಿದೆ?" ಒಪ್ಪೋಣ. ಬಸ್ಸಿನ ದರಕ್ಕೆ ಹೋಲಿಸಿದರೆ ಜನರಲ್ ಟಿಕೆಟ್ಟು ಇಂದಿಗೂ ಅಗ್ಗವೇ. 2025ರ ಜುಲೈ 1ರಿಂದ ಎಕ್ಸ್‌ಪ್ರೆಸ್ ಗಾಡಿಗಳ ಸಾದಾ ದರ್ಜೆಗೆ ಕಿಲೋಮೀಟರಿಗೆ ಒಂದು ಪೈಸೆ ಏರಿಸಿದರು. ದಾವಣಗೆರೆಯಿಂದ ಬೆಂಗಳೂರಿಗೆ ಅದು ಮೂರು ರೂಪಾಯಿ ಚಿಲ್ಲರೆ. ಆ ಮೂರು ರೂಪಾಯಿಗಾಗಿ ಈ ಲೇಖನ ಬರೆಯುತ್ತಿಲ್ಲ. ನಮ್ಮ ಆರೋಪವೇ ಬೇರೆ. ಬಡವನ ಟಿಕೆಟ್ಟಿನ ದರವನ್ನು ಸರ್ಕಾರ ಹೆಚ್ಚು ಮುಟ್ಟಲಿಲ್ಲ, ನಿಜ. ಅದರ ಬದಲು ಬಡವನ ಜಾಗವನ್ನೇ ಕಸಿಯಿತು. ಅಗ್ಗದ ಅಕ್ಕಿಯ ಬೋರ್ಡು ತೂಗುಹಾಕಿ ಅಂಗಡಿಯಲ್ಲಿ ಅಕ್ಕಿಯನ್ನೇ ಇಡದ ವ್ಯಾಪಾರ ಇದು.

ಹಿಂದಿನದನ್ನು ಸ್ವಲ್ಪ ನೆನೆಯೋಣ. ಬ್ರಿಟಿಷರ ಕಾಲದ ಮೂರನೇ ದರ್ಜೆಯ ನರಕವನ್ನು ಸ್ವತಃ ಅನುಭವಿಸಿ ಗಾಂಧೀಜಿಯವರು 1917ರಲ್ಲಿ ಅದರ ಬಗ್ಗೆ ಬರೆದರು. ಸ್ವಾತಂತ್ರ್ಯ ಬಂದು 27 ವರ್ಷಗಳ ಮೇಲೆ, 1974ರಲ್ಲಿ, ಮೂರನೇ ದರ್ಜೆ ಎಂಬ ಹೆಸರು ಹೋಯಿತು. ಆದರೆ ಮರದ ಹಲಗೆ ಹಾಗೆಯೇ ಉಳಿಯಿತು. ಆ ಹಲಗೆಗೆ ಮೆತ್ತೆ ಹಾಕಿಸಲು ಒಬ್ಬ ಸಮಾಜವಾದಿಯೇ ರೈಲ್ವೆ ಮಂತ್ರಿಯಾಗಬೇಕಾಯಿತು. 1977ರಿಂದ 1979ರವರೆಗೆ ಆ ಖಾತೆ ನೋಡಿಕೊಂಡ ಮಧು ದಂಡವತೆಯವರು ಮೊದಲ ದರ್ಜೆಯನ್ನು ಇನ್ನಷ್ಟು ಸಿಂಗರಿಸಲು ಹೋಗಲಿಲ್ಲ. ಎರಡನೇ ದರ್ಜೆಯ ಬರಿ ಹಲಗೆಯ ಮೇಲೆ ಫೋಮ್ ಹಾಕಿಸಿದರು. ಎರಡಂಗುಲದ ಮೆತ್ತೆ, ಅಷ್ಟೇ. ಅದು ಮಾತ್ರ ಕೋಟ್ಯಂತರ ಜನರ ಬೆನ್ನಿಗೆ ತಾಕಿದ ಸುಧಾರಣೆ. ಸರ್ಕಾರದ ಬಳಿ ಇರುವ ದುಡ್ಡು ಮೊದಲು ಯಾರ ಬೆನ್ನಿನ ಕೆಳಗೆ ಹೋಗಬೇಕು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು.

ಇಂದಿನವರ ಉತ್ತರವೇನು? 2019ರ ಫೆಬ್ರವರಿಯಲ್ಲಿ ದೆಹಲಿ–ವಾರಾಣಸಿ ನಡುವೆ ಮೊದಲ ವಂದೇ ಭಾರತ್ ಓಡಿತು. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ಗಾಡಿಗೆ ಹಸಿರು ಬಾವುಟ ತೋರಿಸಿದರು. ಅದು ನಮ್ಮ ಊರಿನಲ್ಲೂ ನಿಲ್ಲುತ್ತದೆ. ಬಿಳಿ ಬಣ್ಣ, ತಾನಾಗಿ ತೆರೆಯುವ ಬಾಗಿಲು, ಮೆತ್ತನೆಯ ಕುರ್ಚಿ, ಎಲ್ಲಾ ಚೆನ್ನಾಗಿದೆ. ಆದರೆ ಆ ಗಾಡಿಯಲ್ಲಿ ಇರುವುದೆಲ್ಲಾ ಎ.ಸಿ. ಡಬ್ಬಿಯೇ. ಜನರಲ್ ಡಬ್ಬಿ ಒಂದೂ ಇಲ್ಲ. ಬೆಂಗಳೂರಿನಿಂದ ಧಾರವಾಡದವರೆಗೆ ಕಡಿಮೆ ದರ್ಜೆಯ ಕುರ್ಚಿಗೇ ಊಟ ಸೇರಿ ಸಾವಿರ ರೂಪಾಯಿಗೆ ಮೇಲೆ. ತಿಂಗಳ ಪಾಸಿನವನಿಗೆ ಆ ಬಾಗಿಲು ತೆರೆಯುವುದಿಲ್ಲ. ಬಟ್ಟೆಯ ಗಂಟು ಹೊತ್ತ ವ್ಯಾಪಾರಿಗೆ ಅಲ್ಲಿ ಗಂಟು ಇಡಲು ಸ್ಥಳವಿಲ್ಲ. ಈ ಗಾಡಿ ಮುಂದೆ ಹೋಗಲೆಂದು ನಮ್ಮ ಪ್ಯಾಸೆಂಜರ್ ಗಾಡಿಯನ್ನು ಪಕ್ಕದ ಲೈನಿಗೆ ತಳ್ಳಿ ಕಾಯಿಸುತ್ತಾರೆ. ಹರಿಹರದಿಂದಲೋ ರಾಣೆಬೆನ್ನೂರಿನಿಂದಲೋ ಕೆಲಸಕ್ಕೆ ಬರುವ ಕೂಲಿಗೆ ಆ ಕಾಯುವಿಕೆಯ ಬೆಲೆ ಅರ್ಧ ದಿನದ ಹಾಜರಿ. ಆ ಲೆಕ್ಕ ಯಾವ ಬಜೆಟ್ಟಿನಲ್ಲಿ ಬರುತ್ತದೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದನ್ನು ನೋಡಿಯೇ.

ಇನ್ನು ದರದ ವಿಷಯ. ಮುಂಬಾಗಿಲಿನಲ್ಲಿ ಒಂದು ಪೈಸೆ ಏರಿಸಿ ಸುದ್ದಿ ಮಾಡುವ ಇಲಾಖೆ ಹಿಂಬಾಗಿಲಿನಲ್ಲಿ ಎಷ್ಟು ಒಯ್ದಿದೆ, ಕೂಡಿಸಿ ನೋಡಿ. 2014ರಲ್ಲಿ ಪ್ರೀಮಿಯಂ ತತ್ಕಾಲ್ ಬಂತು. ಜನ ಹೆಚ್ಚಾದಷ್ಟೂ ಅದರ ದರ ಏರುತ್ತದೆ. 2015ರ ನವೆಂಬರಿನಲ್ಲಿ ಟಿಕೆಟ್ಟು ರದ್ದು ಮಾಡಿದರೆ ಹಿಡಿದುಕೊಳ್ಳುವ ಹಣ ಇಮ್ಮಡಿಯಾಯಿತು. ಆ ನಿಯಮದಂತೆ ವೇಟಿಂಗ್ ಲಿಸ್ಟಿನಲ್ಲಿದ್ದು ಸೀಟೇ ಸಿಗದ ಸ್ಲೀಪರ್ ಟಿಕೆಟ್ಟಿಗೂ ತಲೆಗೆ 60 ರೂಪಾಯಿ ಮುರಿದುಕೊಳ್ಳುತ್ತಾರೆ. ಸರಕು ಕೊಡದೆ ಕಮಿಷನ್ ಹಿಡಿಯುವ ಅಂಗಡಿಯನ್ನು ನೀವು ನೋಡಿದ್ದೀರಾ? 2016ರ ಏಪ್ರಿಲಿನಿಂದ 5ರಿಂದ 12 ವರ್ಷದ ಮಗುವಿಗೆ ಬೇರೆ ಬರ್ತು ಬೇಕೆಂದರೆ ಪೂರ್ತಿ ಟಿಕೆಟ್ಟು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜಧಾನಿ, ಶತಾಬ್ದಿ, ದುರಂತೊ ಗಾಡಿಗಳಿಗೆ ಏರುದರ ಬಂತು: ನೂರಕ್ಕೆ ಹತ್ತು ಸೀಟು ಮಾರಾಟವಾದಂತೆಲ್ಲಾ ದರ ಹತ್ತು ಪಾಲು ಮೇಲಕ್ಕೆ, ಒಂದೂವರೆ ಪಟ್ಟಿನವರೆಗೆ. 2020ರ ಮಾರ್ಚಿನಲ್ಲಿ ಕೋವಿಡ್ ನೆಪದಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಲ್ಲಿಸಿದರು. ಗಂಡಸರಿಗೆ ನೂರಕ್ಕೆ 40, ಹೆಂಗಸರಿಗೆ ನೂರಕ್ಕೆ 50 ಇದ್ದ ರಿಯಾಯಿತಿ ಅದು. ರೋಗ ಹೋಯಿತು, ರಿಯಾಯಿತಿ ವರ್ಷಗಟ್ಟಲೆ ತಿರುಗಿ ಬರಲಿಲ್ಲ. ಅದೇ ನೆಪದಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟು, ಹತ್ತು ರೂಪಾಯಿಯ ಕನಿಷ್ಠ ದರವನ್ನು ಮೂವತ್ತು ಮಾಡಿದ್ದರು. ಗಾಡಿ ಅದೇ, ವೇಗ ಅದೇ, ಹೆಸರು ಮಾತ್ರ ಹೊಸದು. ಅದನ್ನು ಮತ್ತೆ ಹತ್ತಕ್ಕೆ ಇಳಿಸಿದ್ದು 2024ರ ಫೆಬ್ರವರಿಯಲ್ಲಿ, ಲೋಕಸಭಾ ಚುನಾವಣೆ ಹತ್ತಿರ ಬಂದಾಗ.

ವ್ಯಾಪಾರಿ ಮಿತ್ರರು ಇದನ್ನು ಸರಿಯಾಗಿ ಗಮನಿಸಬೇಕು. ಯುಗಾದಿಯ ಹಿಂದಿನ ದಿನ ಬೇಡಿಕೆ ಹೆಚ್ಚಿತೆಂದು ನೀವು ಬೆಲ್ಲಕ್ಕೆ ಒಂದೂವರೆ ಪಟ್ಟು ಹೇಳಿದರೆ ಜನ ಅದನ್ನು ಕಾಳಸಂತೆ ಎನ್ನುತ್ತಾರೆ, ಇನ್ಸ್‌ಪೆಕ್ಟರು ಅಂಗಡಿಗೆ ಬರುತ್ತಾನೆ. ಹಬ್ಬಕ್ಕೆ ಊರಿಗೆ ಹೋಗುವವನಿಂದ ಸರ್ಕಾರವೇ ಹಾಗೆ ವಸೂಲಿ ಮಾಡಿದರೆ ಅದಕ್ಕೆ ಸುಧಾರಣೆ ಎಂದು ಹೆಸರು!

ಇಷ್ಟರ ಮೇಲೆ ಅವಮಾನ ಬೇರೆ. ಪ್ರಯಾಣದ ಖರ್ಚಿನಲ್ಲಿ ರೈಲ್ವೆಗೆ ನೂರಕ್ಕೆ 57 ಮಾತ್ರ ದಕ್ಕುತ್ತದೆ, ಉಳಿದ 43 ಪಾಲನ್ನು ದೇಶದ ಸಾಮಾನ್ಯ ನಾಗರಿಕರು ಹೊರುತ್ತಾರೆ ಎಂದು ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿಸಿದರು. ಸ್ವಾಮಿ, ಆ ಸಾಮಾನ್ಯ ನಾಗರಿಕರು ಯಾರು? ರೈಲ್ವೆಯ ಆದಾಯದ ದೊಡ್ಡ ಪಾಲು ಬರುವುದು ಸರಕಿನ ಗಾಡಿಗಳಿಂದ. ಕಲ್ಲಿದ್ದಲು, ಸಿಮೆಂಟು, ಗೊಬ್ಬರ, ದವಸದ ಸಾಗಣೆ ದರದಲ್ಲಿ ಉಳಿದ ಲಾಭವೇ ಪ್ರಯಾಣಿಕರ ನಷ್ಟ ತುಂಬುವುದು. ಆ ಸಾಗಣೆ ಖರ್ಚು ಕೊನೆಗೆ ಸೇರುವುದು ನಮ್ಮ ಕರೆಂಟಿನ ಬಿಲ್ಲಿಗೆ, ಸಿಮೆಂಟಿನ ಮೂಟೆಗೆ, ಸಂತೆಯ ಅಕ್ಕಿಗೆ. ಜನರಲ್ ಡಬ್ಬಿಯ ಕಕ್ಕಸಿನ ಬಾಗಿಲಲ್ಲಿ ಕೂತವನೇ ಆ 43 ಪಾಲು ಹೊತ್ತ ನಾಗರಿಕ. ಅವನ ಕೈಯಲ್ಲಿ ದುಡ್ಡು ತೆಗೆಸಿ, ಅವನ ಟಿಕೆಟ್ಟಿನ ಮೇಲೆಯೇ "ನಿನಗೆ ಧರ್ಮಕ್ಕೆ ಕೊಟ್ಟಿದ್ದೇವೆ" ಎಂದು ಬರೆಯುವುದು ನಾಚಿಕೆಗೇಡು.

ಕಾನೂನು ಏನು ಹೇಳುತ್ತದೆ? 1989ರ ರೈಲ್ವೆ ಕಾಯಿದೆಯ 57ನೇ ಕಲಮನ್ನು ಓದುಗರು ಬರೆದಿಟ್ಟುಕೊಳ್ಳಲಿ. ಪ್ರತಿ ಡಬ್ಬಿಯ ಪ್ರತಿ ವಿಭಾಗದಲ್ಲಿ ಹೆಚ್ಚೆಂದರೆ ಎಷ್ಟು ಜನ ಪ್ರಯಾಣ ಮಾಡಬಹುದು ಎಂಬುದನ್ನು ರೈಲ್ವೆ ಆಡಳಿತ ಗೊತ್ತು ಮಾಡಲೇಬೇಕು. ಆ ಸಂಖ್ಯೆಯನ್ನು ಎದ್ದು ಕಾಣುವಂತೆ ಹಿಂದಿ, ಇಂಗ್ಲಿಷಿನಲ್ಲಿ, ಜೊತೆಗೆ ಆ ಸೀಮೆಯ ಭಾಷೆಯಲ್ಲಿ ಬರೆಸಬೇಕು. ಅಂದರೆ ನಮ್ಮಲ್ಲಿ ಕನ್ನಡದಲ್ಲಿ. ನೂರು ಜನಕ್ಕೆ ಮಾಡಿದ ಡಬ್ಬಿಯಲ್ಲಿ ಮುನ್ನೂರು ಜನ ನಿಂತಾಗ ಮುರಿದದ್ದು ಯಾರು ಮಾಡಿದ ಕಾನೂನು? ಜನರಲ್ ಟಿಕೆಟ್ಟು ಮಾರುವ ಕಿಟಕಿಗೆ ಗಾಡಿಯಲ್ಲಿ ಜಾಗವಿದೆಯೇ ಎಂಬ ಲೆಕ್ಕವೇ ಇಲ್ಲ. ಆದರೆ ಉಸಿರು ಕಟ್ಟಿ ಅದೇ ಪ್ರಯಾಣಿಕ ಪಕ್ಕದ ಸ್ಲೀಪರ್ ಡಬ್ಬಿಗೆ ಕಾಲಿಟ್ಟರೆ ದರದ ವ್ಯತ್ಯಾಸದ ಮೇಲೆ ಕನಿಷ್ಠ 250 ರೂಪಾಯಿ ದಂಡ. ಪ್ರಜೆ ತಪ್ಪಿದರೆ ಸ್ಥಳದಲ್ಲೇ ರಶೀದಿ, ಸರ್ಕಾರ ತಪ್ಪಿದರೆ ಕೇಳುವವರಿಲ್ಲ.

ಕೇಳುವವರಿಲ್ಲದ್ದರ ಫಲ ಏನೆಂದು ದೇಶ ಕಂಡಿದೆ. 2025ರ ಫೆಬ್ರವರಿ 15ರ ರಾತ್ರಿ ನವದೆಹಲಿ ಸ್ಟೇಷನ್ನಿನಲ್ಲಿ ಕುಂಭಮೇಳಕ್ಕೆ ಹೊರಟವರ ನೂಕುನುಗ್ಗಲಿನಲ್ಲಿ 18 ಜನ ಸತ್ತರು. ಕೆಲವೇ ದಿನಗಳಲ್ಲಿ ದೆಹಲಿಯ ಹೈಕೋರ್ಟು ಇದೇ 57ನೇ ಕಲಮನ್ನು ಹಿಡಿದು, ಡಬ್ಬಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಟಿಕೆಟ್ಟು ಏಕೆ ಮಾರುತ್ತೀರಿ ಎಂದು ರೈಲ್ವೆಯನ್ನು ಕೇಳಿತು. ಹದಿನೆಂಟು ಹೆಣ ಬಿದ್ದ ಮೇಲೆ ಕೇಳಬೇಕಾದ ಪ್ರಶ್ನೆಯೇ ಅದು?

2023ರ ಜೂನ್ 2ರಂದು ಒಡಿಶಾದ ಬಾಲಸೋರಿನಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ ಅಪಘಾತಕ್ಕೀಡಾಗಿ, ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿಯ ಬಾಲದ ಡಬ್ಬಿಗಳೂ ಅದಕ್ಕೆ ಸಿಕ್ಕವು. 290ಕ್ಕೂ ಹೆಚ್ಚು ಜನ ಸತ್ತರು. ರಿಸರ್ವೇಷನ್ ಇದ್ದವರ ಹೆಸರು ಪಟ್ಟಿಯಲ್ಲಿತ್ತು. ಜನರಲ್ ಡಬ್ಬಿಯ ಕೂಲಿಗಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ನಾಲ್ಕು ತಿಂಗಳು ಕಾದರೂ ವಾರಸುದಾರರು ಸಿಗದ 28 ಶವಗಳನ್ನು ಅಕ್ಟೋಬರಿನಲ್ಲಿ ಭುವನೇಶ್ವರದಲ್ಲಿ ಸುಟ್ಟರು. ಬದುಕಿದ್ದಾಗ ಸೀಟಿಲ್ಲ, ಸತ್ತಾಗ ಹೆಸರಿಲ್ಲ. ಮೂರನೇ ದರ್ಜೆ ಹೋಯಿತೆಂದು ಹೇಳುವವರು ಈ ಮಾತಿಗೆ ಉತ್ತರ ಕೊಡಲಿ.

ನಾವು ಪ್ರಗತಿಯ ವೈರಿಗಳೆಂದು ಕೆಲವರು ಹೇಳಬಹುದು. ಅಲ್ಲ. ವೇಗದ ಗಾಡಿ ಬರಲಿ. ಅದರಲ್ಲಿ ಗಿರಣಿಯ ಕೂಲಿಯೂ ಕೂರುವಂತಿರಲಿ, ಅಷ್ಟೇ ನಮ್ಮ ಹಟ. ಎ.ಸಿ. ಇಲ್ಲದ ಅಮೃತ ಭಾರತ್ ಗಾಡಿ ಬಂದಿದೆಯಲ್ಲ ಎನ್ನುತ್ತಾರೆ. 2023ರ ಡಿಸೆಂಬರ್ 30ರಂದು ಮಾಲ್ದಾದಿಂದ ಬೆಂಗಳೂರಿಗೆ ಅಂಥ ಒಂದು ಗಾಡಿ ಹೊರಟದ್ದು ನಿಜ. ಅದರಲ್ಲಿ ಜನರಲ್ ಡಬ್ಬಿಗಳೂ ಇವೆ. ಅಂಥದು ಸಾಧ್ಯವೆಂದು ಅವರೇ ತೋರಿಸಿದ ಮೇಲೆ ಬೇರೆ ಗಾಡಿಗಳಲ್ಲಿ ಏಕಿಲ್ಲ ಎಂದೇ ನಾವು ಕೇಳುವುದು. ಆ ಗಾಡಿಗೂ ಮಾಮೂಲಿ ಎಕ್ಸ್‌ಪ್ರೆಸ್‌ಗಿಂತ ದರ ಹೆಚ್ಚಿಟ್ಟಿದ್ದಾರೆ ಎಂಬುದನ್ನೂ ಮರೆಯಬಾರದು. ಸಾವಿರಾರು ಹೊಸ ಜನರಲ್ ಡಬ್ಬಿ ಕಟ್ಟಿಸುತ್ತೇವೆ ಎಂದು 2024ರಲ್ಲಿ ಇಲಾಖೆ ಸಾರಿತು. ಸಂತೋಷ. ನಮ್ಮ ಗಾಡಿಗೆ ಎಷ್ಟು ಸೇರಿದವು ಎಂದು ಪ್ಲಾಟ್‌ಫಾರಂ ಮೇಲೆ ನಿಂತು ನಾವೇ ಎಣಿಸೋಣ.

ಇನ್ನೊಂದು ಮಾತು. ಕಿಟಕಿಯ ಗುಮಾಸ್ತ, ಟಿಕೆಟ್ ಕಲೆಕ್ಟರು, ಡಬ್ಬಿ ಗುಡಿಸುವ ಗುತ್ತಿಗೆ ಆಳು ಇವರ ಮೇಲೆ ಸಿಟ್ಟು ಮಾಡಿ ಫಲವಿಲ್ಲ. 1974ರ ಮೇ 8ರಿಂದ ಇಪ್ಪತ್ತು ದಿನ, ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ, ಲಕ್ಷಾಂತರ ರೈಲ್ವೆ ಕಾರ್ಮಿಕರು ಕೆಲಸ ನಿಲ್ಲಿಸಿ ಜೈಲು ಕಂಡರು, ನೌಕರಿ ಕಳೆದುಕೊಂಡರು. ಅವರೂ ನಮ್ಮವರೇ. ಜನರಲ್ ಡಬ್ಬಿ ಎಷ್ಟಿರಬೇಕು ಎಂದು ತೀರ್ಮಾನಿಸುವವರು ಆ ಡಬ್ಬಿಯನ್ನು ಎಂದೂ ಹತ್ತದವರು. ಸಿಟ್ಟು ಅತ್ತ ತಿರುಗಲಿ.

ನಮ್ಮ ಬೇಡಿಕೆಗಳು ಇವು. ಹಗಲಿರಲಿ ರಾತ್ರಿಯಿರಲಿ, ಹುಬ್ಬಳ್ಳಿ–ಬೆಂಗಳೂರು ಮಾರ್ಗದ ಪ್ರತಿ ಎಕ್ಸ್‌ಪ್ರೆಸ್‌ಗೂ ಕನಿಷ್ಠ ಆರು ಜನರಲ್ ಡಬ್ಬಿ ಬೇಕು. 57ನೇ ಕಲಮಿನಂತೆ ಪ್ರತಿ ಡಬ್ಬಿಯ ಮೇಲೆ ಕನ್ನಡದಲ್ಲಿ ಜನರ ಸಂಖ್ಯೆ ಬರೆಯಬೇಕು, ಅದಕ್ಕೆ ತಕ್ಕಂತೆ ಗಾಡಿ ಬಿಡಬೇಕು. ಸೀಟು ಕೊಡದ ಟಿಕೆಟ್ಟಿಗೆ ಒಂದು ಕಾಸನ್ನೂ ಮುರಿಯಬಾರದು. ಹಿರಿಯರ ರಿಯಾಯಿತಿ ಹಿಂದಿನಂತೆಯೇ ಇರಬೇಕು. ಕೆಲಸದ ಹೊತ್ತಿನ ಪ್ಯಾಸೆಂಜರ್ ಗಾಡಿಯನ್ನು ಯಾವ ಗಾಡಿಗಾಗಿಯೂ ತಡೆಯಬಾರದು.

ಬಡವನ ಸಿಟ್ಟು ದವಡೆಗೆ ಮೂಲ ಎಂಬ ಗಾದೆ ಒಬ್ಬೊಬ್ಬನೇ ಸಿಟ್ಟಾಗುವವನಿಗೆ ಸರಿ. ಜನರಲ್ ಡಬ್ಬಿಯಲ್ಲಿ ನಾವು ಒಬ್ಬೊಬ್ಬರಲ್ಲ, ಒಬ್ಬರ ಮೇಲೊಬ್ಬರು ಇದ್ದೇವೆ. ಮುಂದಿನ ಸಲ ಹತ್ತಿದಾಗ ಡಬ್ಬಿಯಲ್ಲಿ ಎಷ್ಟು ತಲೆಗಳಿವೆ ಎಂದು ಎಣಿಸಿ. ಗಾಡಿಯ ನಂಬರು, ತಾರೀಖು, ಸಂಖ್ಯೆ ಮೂರನ್ನೂ ಬರೆದು ಸ್ಟೇಷನ್ ಮಾಸ್ತರರ ದೂರು ಪುಸ್ತಕದಲ್ಲಿ ದಾಖಲು ಮಾಡಿ, ಒಂದು ಪ್ರತಿ ನಮಗೂ ಕಳಿಸಿ. ವಾರ ವಾರ ಅಚ್ಚು ಹಾಕುತ್ತೇವೆ. ವೋಟು ಕೇಳಲು ಬರುವ ಮಹನೀಯರಿಗೆ ಮೊದಲು ಆ ಲೆಕ್ಕ ತೋರಿಸಿ, ಒಂದು ರಾತ್ರಿ ನಮ್ಮ ಜೊತೆ ಅದೇ ಡಬ್ಬಿಯಲ್ಲಿ ಬೆಂಗಳೂರಿಗೆ ಬರಲು ಕರೆಯಿರಿ. ಬಂದರೆ ಮಾತಾಡೋಣ.