ಮಗ್ರಿಬ್ ಆದ ಮೇಲಿನ ಒಂದು ಗಂಟೆ

ಕಳೆದ ತಿಂಗಳು ಮದ್ರಸದಲ್ಲಿ ಐದನೇ ತರಗತಿಯ ಮಕ್ಕಳಿಗೆ ಮೊಬೈಲಿನ ಬಗ್ಗೆ ಹತ್ತು ನಿಮಿಷ ಬೈದೆ. ಬೈದದ್ದೇ, ಪಾಠ ಮಾಡಿದ್ದಲ್ಲ. ಪುಸ್ತಕ ಮುಟ್ಟುವುದಿಲ್ಲ, ಕಣ್ಣು ಹಾಳು, ತಲೆ ಹಾಳು, ದೊಡ್ಡವರು ಬಂದರೆ ತಲೆ ಎತ್ತಿ ನೋಡುವ ಅದಬು ಇಲ್ಲ ಅಂತೆಲ್ಲ. ಎಲ್ಲ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಪಾಪ, ಎದುರುತ್ತರ ಕೊಡುವ ಮಗು ಅಲ್ಲ ಅದು. "ಉಸ್ತಾದ್, ನಿನ್ನೆ ನಾನು ಉಮ್ಮನೊಟ್ಟಿಗೆ ಬಸ್ಸಲ್ಲಿದ್ದೆ. ನೀವೂ ಇದ್ರಿ. ನಾನು ಸಲಾಂ ಹೇಳಿದ್ದು ನಿಮಗೆ ಕೇಳ್ಲೇ ಇಲ್ಲ. ನೀವು ಮೊಬೈಲ್ ನೋಡ್ತಾ ಇದ್ರಿ" ಅಂದ.

ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ನಾನೂ ಒಂದು ನಗೆ ನಕ್ಕು ತಪ್ಪಿಸಿಕೊಳ್ಳಬಹುದಿತ್ತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ಕುಳಿತರು. "ಹೌದು ಮೋನು, ನನ್ನದು ತಪ್ಪು" ಅಂತ ಹೇಳಿ ಪಾಠ ಶುರು ಮಾಡಿದೆ. ಆದರೆ ಅವನ ಆ ಮಾತು ಅವತ್ತಿಡೀ ನನ್ನ ಜೊತೆಗೇ ಬಸ್ಸು ಹತ್ತಿ ಬಂತು.

ನನ್ನ ದಿನ ಹೀಗೆ. ಸುಬ್ಹಿ ಆದ ಮೇಲೆ ಮದ್ರಸ, ಏಳರಿಂದ ಎಂಟೂಮುಕ್ಕಾಲರ ತನಕ. ಮತ್ತೆ ಫರಂಗಿಪೇಟೆಯಲ್ಲಿ ಬಸ್ಸು ಹಿಡಿದು ಸ್ಟೇಟ್‌ಬ್ಯಾಂಕ್. ಅಲ್ಲಿಂದ ನಡೆದು ಬಂದರಿನ ಒಂದು ದಿನಸಿ ಹೋಲ್‌ಸೇಲ್ ಅಂಗಡಿ. ಅಲ್ಲಿ ಸಂಜೆ ಆರೂವರೆ ತನಕ ಲೆಕ್ಕ ಬರೆಯುವ ಕೆಲಸ. ಮದ್ರಸದ ಸಂಬಳ ಒಂದರಲ್ಲೇ ಮನೆ ನಡೆಸುವ ಕಾಲ ಇದಲ್ಲ. ನನ್ನ ಜೊತೆ ಕಲಿತ ಉಸ್ತಾದರಲ್ಲಿ ಒಬ್ಬರು ರಿಕ್ಷಾ ಓಡಿಸುತ್ತಾರೆ, ಒಬ್ಬರು ಅತ್ತರು ಮಾರುತ್ತಾರೆ, ಇನ್ನೊಬ್ಬರು ಮನೆಮನೆಗೆ ಹೋಗಿ ಟ್ಯೂಷನ್ ಕೊಡುತ್ತಾರೆ. ಇದು ದೂರು ಅಲ್ಲ, ಇರುವ ವಿಷಯ.

ಲೆಕ್ಕ ಬರೆಯುವವನಾದ್ದರಿಂದ ಅವತ್ತು ಬಸ್ಸಲ್ಲಿ ಕೂತು ಒಂದು ಲೆಕ್ಕ ಹಾಕಿದೆ. ಹೋಗುವುದಕ್ಕೆ ಮುಕ್ಕಾಲು ಗಂಟೆ, ಬರುವುದಕ್ಕೆ ಮುಕ್ಕಾಲು ಗಂಟೆ. ಪಡೀಲಿನಲ್ಲೋ ಪಂಪ್‌ವೆಲ್‌ನಲ್ಲೋ ಸಿಕ್ಕಿಹಾಕಿಕೊಂಡರೆ ಇನ್ನೂ ಹೆಚ್ಚು, ಅದನ್ನು ಬಿಡಿ. ತಿಂಗಳಿಗೆ 26 ದಿನದ ಕೆಲಸ ಅಂದರೆ 39 ಗಂಟೆ. ವರ್ಷಕ್ಕೆ 468 ಗಂಟೆ. ಸಾಧಾರಣ ದಪ್ಪದ ಒಂದು ಕಾದಂಬರಿಗೆ ನನ್ನಂಥ ನಿಧಾನದ ಓದುಗನಿಗೆ ಹತ್ತು ಗಂಟೆ ಸಾಕು. "ಓದಲಿಕ್ಕೆ ಟೈಮೇ ಇಲ್ಲ ಮಾರಾಯ್ರೆ" ಅಂತ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವ ನಾನು. ಈ ಲೆಕ್ಕ ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮಲ್ಲಿ ಓದುವ ಹೊತ್ತು ಅಂತ ಒಂದಿತ್ತು, ಮಗ್ರಿಬಿನಿಂದ ಇಶಾ ತನಕ. ಸುಮಾರು ಒಂದು ಗಂಟೆ. ಚಿಮಣಿ ದೀಪವೋ ನಲುವತ್ತು ಕ್ಯಾಂಡಲಿನ ಬಲ್ಬೋ, ಅದರ ಕೆಳಗೆ ಮನೆಯವರೆಲ್ಲ ಕೂರುತ್ತಿದ್ದರು. ನಮ್ಮ ಅಜ್ಜಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದರು. ಸರಕಾರದ ಲೆಕ್ಕದಲ್ಲಿ ಅವರು ಅನಕ್ಷರಸ್ಥೆ. ಆದರೆ ಅದೇ ಅಜ್ಜಿ ಅರಬಿ ಮಲಯಾಳದಲ್ಲಿ ಅಚ್ಚಾದ ಮಾಲೆಗಳನ್ನು ರಾಗವಾಗಿ ಓದುತ್ತಿದ್ದರು. ಮುಹಿಯುದ್ದೀನ್ ಮಾಲೆ ರಚನೆಯಾದದ್ದು 1607ರಲ್ಲಿ, ಕಲ್ಲಿಕೋಟೆಯ ಖಾಝಿ ಮುಹಮ್ಮದರಿಂದ. ಅಂದರೆ ನಾಲ್ಕುನೂರು ವರ್ಷ ಹಳೆಯ ಒಂದು ಕಾವ್ಯವನ್ನು ಹೆಬ್ಬೆಟ್ಟಿನ ಹೆಂಗಸೊಬ್ಬರು ದಿನಾ ಸಂಜೆ ಪುಸ್ತಕ ಹಿಡಿದು ಓದುತ್ತಿದ್ದರು. ಅರ್ಥ ಎಷ್ಟು ಆಗುತ್ತಿತ್ತೋ ಬಿಡುತ್ತಿತ್ತೋ, ಮನೆಯಲ್ಲಿ ದೊಡ್ಡವರ ಕೈಯಲ್ಲಿ ಪುಸ್ತಕ ಇರುವುದನ್ನು ನಾವು ಮಕ್ಕಳು ನೋಡಿದ್ದೆವು. ಅದೇ ಹೊತ್ತಿನಲ್ಲಿ ನಾನು ಶಾಲೆಯ ಕನ್ನಡ ಪಾಠವನ್ನು ಗಟ್ಟಿಯಾಗಿ ಓದುವುದು, ಉಮ್ಮ ಅಕ್ಕಿ ಆರಿಸುತ್ತಾ ಕೇಳುವುದು. ಉಮ್ಮನಿಗೆ ಪದ್ಯಗಳೆಲ್ಲ ನನಗಿಂತ ಮೊದಲು ಬಾಯಿಪಾಠ ಆಗುತ್ತಿತ್ತು.

ಮತ್ತೆ ಟೀವಿ ಬಂತು. ನಮ್ಮ ಓಣಿಗೆ ಮೊದಲ ಟೀವಿ ತಂದದ್ದು ಗಲ್ಫಿನಿಂದ ಬಂದ ನೆರೆಮನೆಯವರು. ಅಲ್ಲಿ ಬಾಗಿಲ ಹತ್ತಿರ ನಿಂತು ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನೋಡಿದ ನೆನಪು ನನಗೆ ಈಗಲೂ ಉಂಟು. ಹಿಂದಿ ಅರ್ಥ ಆಗುತ್ತಿರಲಿಲ್ಲ. ಆದರೆ ಆ ಬೀದಿ, ಆ ಹುಡುಗರು, ಆ ಮಳೆ ನಮ್ಮದೇ ಊರಿನದು ಅನ್ನಿಸುತ್ತಿತ್ತು. ಅದರ ಚಿತ್ರೀಕರಣ ಆಗುಂಬೆಯಲ್ಲಿ ಆದದ್ದು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಆ ಕಾಲದಲ್ಲಿ ಟೀವಿಯ ವಿರುದ್ಧ ವಅಳು ನಡೆಯದ ಊರಿಲ್ಲ. ಉಸ್ತಾದ್ ಆದ ಹೊಸದರಲ್ಲಿ ನಾನೂ ಎರಡು ಮಾತು ಜೋರಾಗಿ ಹೇಳಿದವನೇ. ಮುಖ್ಯವಾಗಿ ಹೇಳಿದ್ದು ಹೆಂಗಸರಿಗೆ. ಸಂಜೆಯಾದರೆ ಧಾರಾವಾಹಿ, ಮಕ್ಕಳ ಪಾಠ ನೋಡುವವರಿಲ್ಲ, ಮನೆಯ ಬರ್ಕತ್ ಹೋಯಿತು ಅಂತ. ಈಗ ನನಗೆ ನಾನೇ ಕೇಳಿಕೊಳ್ಳುತ್ತೇನೆ: ಆ ಹೊತ್ತಿಗೆ ನಾವು ಗಂಡಸರು ಎಲ್ಲಿದ್ದೆವು? ಬಂದರಿನಲ್ಲಿ, ಮಾರ್ಕೆಟಿನಲ್ಲಿ, ದುಬೈಯಲ್ಲಿ, ದಮ್ಮಾಮಿನಲ್ಲಿ. ನಾನೇ ಈಗ ಮಗ್ರಿಬನ್ನು ಬಂದರಿನ ಮಸೀದಿಯಲ್ಲಿ ಮುಗಿಸಿ ಬಸ್ಸು ಹತ್ತುವವ. ಮನೆ ಮುಟ್ಟುವಾಗ ಇಶಾ ಬಾಂಗ್ ಆಗಿರುತ್ತದೆ. ಮನೆಯ ಆ ಒಂದು ಗಂಟೆ ನನ್ನ ಜೀವನದಲ್ಲಿ ಇಲ್ಲವೇ ಇಲ್ಲ. ಇಡೀ ದಿನ ಅಡಿಗೆ, ಬಟ್ಟೆ, ಮುದಿ ಅತ್ತೆಯ ಔಷಧಿ ಎಲ್ಲ ನೋಡಿಕೊಂಡ ಹೆಂಗಸು ಅರ್ಧ ಗಂಟೆ ಟೀವಿ ಎದುರು ಕೂತರೆ ಬರ್ಕತ್ ಹೋಯಿತು ಅಂತ, ಮನೆಯಲ್ಲೇ ಇಲ್ಲದ ನಾವು ತೀರ್ಪು ಕೊಟ್ಟೆವು.

ಟೀವಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಅದು ಮನೆಯವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸುತ್ತಿತ್ತು. ಯಾವ ಚಾನೆಲು ಅಂತ ಜಗಳ ಆಗುತ್ತಿತ್ತು, ಜಗಳಕ್ಕಾದರೂ ನಾಲ್ಕು ಜನ ಒಟ್ಟಿಗೆ ಇರಬೇಕಲ್ಲ! ಈಗ ನಮ್ಮ ಮನೆಯಲ್ಲಿ ಟೀವಿ ಗೋಡೆಯಲ್ಲಿ ಸುಮ್ಮನೆ ತೂಗುತ್ತದೆ. ನಾಲ್ಕು ಜನ ನಾಲ್ಕು ಮೂಲೆ, ನಾಲ್ಕು ಮೊಬೈಲು. ಊಟಕ್ಕೆ ಕರೆಯುವುದೂ ಒಮ್ಮೊಮ್ಮೆ ವಾಟ್ಸಾಪಿನಲ್ಲಿ.

ಮೊಬೈಲನ್ನು ಪೂರಾ ಬೈಯಲಿಕ್ಕೂ ನನಗೆ ಬಾಯಿ ಬರುವುದಿಲ್ಲ. ಇಲ್ಲಿ ಏಳು ಗಂಟೆ ಆಗುವಾಗ ದುಬೈಯಲ್ಲಿ ಐದೂವರೆ. ಕೆಲಸ ಬಿಟ್ಟು ರೂಮಿಗೆ ಬಂದ ಬಾಪ ಮಗಳ ಮುಖ ನೋಡುವುದು ಆ ಸಣ್ಣ ಪರದೆಯಲ್ಲೇ. ನಮ್ಮ ಎಷ್ಟೋ ಮನೆಗಳು ನಿಂತಿರುವುದು ಆ ಒಂದು ಕಾಲಿನ ಮೇಲೆ. ತೊಂದರೆ ಇರುವುದು ಕಾಲು ಮುಗಿದ ಮೇಲೆ. ಮೊಬೈಲು ಕೆಳಗೆ ಇಡುವುದಿಲ್ಲ ನಾವು.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ನನ್ನ ಮಗನ ಕೈಗೆ ಕನ್ನಡ ಪೇಪರು ಕೊಟ್ಟು ಒಂದು ಸುದ್ದಿ ಓದು ಅಂದೆ. ಎಂಟನೇ ತರಗತಿ, ಇಂಗ್ಲಿಷ್ ಮೀಡಿಯಂ. ಮಾರ್ಕು ಒಳ್ಳೆಯದೇ ಬರುತ್ತದೆ. ಒತ್ತಕ್ಷರ ಬಂದಲ್ಲೆಲ್ಲ ನಿಂತ. ನಾಲ್ಕು ಸಾಲಿಗೆ ಮೂರು ನಿಮಿಷ. ನನಗೆ ಸಿಟ್ಟು ಬರಲಿಲ್ಲ, ಹೆದರಿಕೆ ಆಯಿತು. ಯಾಕೆಂದರೆ ನಮ್ಮ ಮಕ್ಕಳಿಗೆ ಭಾಷೆಗೇನೂ ಕಮ್ಮಿ ಇಲ್ಲ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ಕನ್ನಡ, ಮದ್ರಸದಲ್ಲಿ ಅರಬಿ. ಐದು ಭಾಷೆ ನಾಲಿಗೆಯಲ್ಲಿ ಉಂಟು. ಆದರೆ ಖುಷಿಗಾಗಿ ಒಂದು ಪುಸ್ತಕ ಹಿಡಿದು ಓದುವಷ್ಟು ಯಾವುದೂ ಇಲ್ಲ. ಅರಬಿ ಓದಿದರೆ ಅರ್ಥ ಆಗುವುದಿಲ್ಲ, ಇಂಗ್ಲಿಷು ಪರೀಕ್ಷೆಗೆ, ಕನ್ನಡ ಪಾಸಾಗಲಿಕ್ಕೆ, ಬ್ಯಾರಿ ಮತ್ತು ತುಳು ಬರೀ ಮಾತಿಗೆ.

ಬ್ಯಾರಿ ಭಾಷೆಯ ಬಗ್ಗೆ ನಮಗೆಲ್ಲ ಅಭಿಮಾನ ಉಂಟು. 'ಬ್ಯಾರಿ' ಸಿನೆಮಾ 2011ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಹಂಚಿಕೊಂಡಾಗ ಹೆಮ್ಮೆ ಪಟ್ಟೆವು. ಸಾಹಿತ್ಯ ಅಕಾಡೆಮಿ ಉಂಟು, ಕವಿಗಳಿದ್ದಾರೆ, ಪುಸ್ತಕಗಳು ಬರುತ್ತಿವೆ. ಆದರೆ ಆ ಪುಸ್ತಕಗಳು ಹೆಚ್ಚಾಗಿ ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. ಕನ್ನಡ ಓದಲು ಬಾರದ ಮಗು ಬ್ಯಾರಿಯನ್ನೂ ಓದಲಾರದು. ಇದನ್ನು ನಾವು ಯೋಚಿಸಿದ್ದೇವಾ? ಬಾನು ಮುಷ್ತಾಕರ ಕಥೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಸ್ಟೇಟಸ್ ಹಾಕದವರು ಯಾರು? ನಾನೂ ಹಾಕಿದ್ದೆ. ಅಷ್ಟರವರೆಗೆ ಅವರ ಒಂದು ಕಥೆಯನ್ನೂ ಓದಿದವನಲ್ಲ.

ಇನ್ನೊಂದು ತಪ್ಪೂ ಒಪ್ಪಿಕೊಳ್ಳಬೇಕು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಬಂದದ್ದು ಎಂಬತ್ತರ ದಶಕದಲ್ಲಿ. ನಾನು ದರ್ಸಿನಲ್ಲಿ ಕಲಿಯುವಾಗ ಅದರ ಬಗ್ಗೆ ಕೇಳಿದ್ದೆಲ್ಲ ಕೆಟ್ಟದ್ದೇ. ನಾನೂ ಕೆಟ್ಟದ್ದೇ ಮಾತಾಡಿದೆ. ಪುಸ್ತಕ ನೋಡಿರಲಿಲ್ಲ, ಮುಖಪುಟ ಸಹ ನೋಡಿರಲಿಲ್ಲ. ಆ ಹುಡುಗ ಎದ್ದು ನಿಂತು ಮಾತಾಡಿದ ವಾರವೇ ಅಂಗಡಿಯ ಸಹೋದ್ಯೋಗಿಯೊಬ್ಬರ ಹತ್ತಿರ ಅದು ಸಿಕ್ಕಿತು. ಬಸ್ಸಿನಲ್ಲೇ ಓದಿದೆ. ಅಪ್ಪನ ಹಠಕ್ಕೆ ಸಿಕ್ಕಿ ಗಂಡನಿಂದ ದೂರಾದ ನಾದಿರಾಳ ಕಥೆ. ಕೆಲವು ಕಡೆ ನನಗೆ ಒಪ್ಪಿಗೆ ಆಗಲಿಲ್ಲ, ವಾದ ಮಾಡಬೇಕು ಅನ್ನಿಸಿತು. ಆದರೆ ಓದಿದ ಮೇಲೆ ವಾದ ಮಾಡುವುದು ಬೇರೆ, ಓದದೆ ಬೈಯುವುದು ಬೇರೆ. ಇಂಥ ಹಠದ ಅಪ್ಪಂದಿರನ್ನು ನಾನು ನೋಡಿದ್ದೇನೆ. ಜಮಾಅತಿನ ಪಂಚಾಯ್ತಿಗಳಲ್ಲಿ ಅವರ ಪಕ್ಕದಲ್ಲೇ ಕೂತು ಚಾ ಕುಡಿದಿದ್ದೇನೆ. ಆ ಹೆಣ್ಣುಮಕ್ಕಳು ಒಳಕೋಣೆಯಲ್ಲಿ ಏನು ಯೋಚಿಸುತ್ತಿದ್ದರು ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಡ್ಯಾರಿನಲ್ಲಿ ಬಸ್ಸು ಹತ್ತಿದ ಕಾಲೇಜು ಹುಡುಗಿಯೊಬ್ಬಳು ನನ್ನ ಟೊಪ್ಪಿಯನ್ನೂ ಕೈಯಲ್ಲಿದ್ದ ಪುಸ್ತಕವನ್ನೂ ಎರಡು ಸಲ ನೋಡಿದಳು. ಇಳಿಯುವಾಗ ಧೈರ್ಯ ಮಾಡಿ, "ಉಸ್ತಾದ್, ನೀವು ಇದನ್ನೆಲ್ಲ ಓದ್ತೀರಾ?" ಅಂತ ಕೇಳಿದಳು. "ತಡ ಆಯ್ತಮ್ಮ, ಈಗ ಓದ್ತಾ ಇದ್ದೇನೆ" ಅಂದೆ. ಕಂಡಕ್ಟರ್ "ರೈಟ್ ಪೋಯಿ" ಅಂದ, ಬಸ್ಸು ಹೊರಟಿತು. ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಂಡರು. ಕೊನೆಯ ತನಕ ಇದೇ ಮಂಗಳೂರಿನಲ್ಲಿದ್ದರು. ಓದಿ ಆದ ಮೇಲೆ ಹೋಗಿ ಒಂದು ಮಾತಾಡಬಹುದಿತ್ತು.

ಹೀಗೆಲ್ಲ ಯೋಚಿಸಿ ಮನೆಯಲ್ಲಿ ಒಂದು ಸಣ್ಣ ಕೆಲಸ ಶುರು ಮಾಡಿದೆವು. ಮಗ್ರಿಬಿನ ಗಂಟೆ ನನಗೆ ಸಿಗುವುದಿಲ್ಲ. ಆದ್ದರಿಂದ ಇಶಾ ಆಗಿ ಊಟಕ್ಕೆ ಮೊದಲು ಹದಿನೈದು ನಿಮಿಷ. ಎಲ್ಲರ ಮೊಬೈಲು ಫ್ರಿಡ್ಜಿನ ಮೇಲೆ, ನನ್ನದು ಮೊದಲು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಪೇಪರ್ ಆದರೂ ಸೈ, ಕಥೆ ಆದರೂ ಸೈ. ಮೊದಲ ವಾರ ಮಗ ಮುಖ ಊದಿಸಿಕೊಂಡೇ ಇದ್ದ. ಮಗಳು ಹದಿನೈದು ನಿಮಿಷಕ್ಕೆ ನಾಲ್ಕು ಸಲ ಗಡಿಯಾರ ನೋಡಿದಳು. ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನ ಹೆಂಡತಿ ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಾಳೆ ಅಂತ ನನಗೆ ಗೊತ್ತಾದದ್ದು ಮದುವೆಯಾಗಿ ಹದಿನೆಂಟು ವರ್ಷದ ಮೇಲೆ, ಈ ಫ್ರಿಡ್ಜಿನ ದೆಸೆಯಿಂದ.

ಪುಸ್ತಕಕ್ಕೆ ಹಣ ಎಲ್ಲಿಂದ ಅಂತ ಕೇಳುವವರಿಗೆ ಒಂದು ಮಾತು. ನಿಮ್ಮ ಮನೆ ತೆರಿಗೆಯ ರಶೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಇರುತ್ತದೆ. ತೆರಿಗೆಯ ಶೇ. 6. ಅಂದರೆ ಪುಸ್ತಕಕ್ಕೆ ನಾವು ಹಣ ಕೊಟ್ಟಾಗಿದೆ, ತೆಗೆದುಕೊಂಡು ಬರಲಿಕ್ಕೆ ಮಾತ್ರ ಬಾಕಿ. ಗ್ರಾಮ ಪಂಚಾಯತಿನ ಗ್ರಂಥಾಲಯಗಳಲ್ಲಿ, 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವವೂ ಉಚಿತ. ನಮ್ಮ ಮದ್ರಸದ ಎಷ್ಟು ಮಕ್ಕಳು ಅಲ್ಲಿ ಸದಸ್ಯರು ಅಂತ ತರಗತಿಯಲ್ಲಿ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಮುಂದಿನ ರಜೆಯಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗುವುದು ಅಂತ ಮಾಡಿದ್ದೇವೆ. ಜಮಾಅತಿನವರಲ್ಲಿ ನನ್ನದೊಂದು ವಿನಂತಿಯೂ ಉಂಟು: ಮದ್ರಸ ಕಟ್ಟಡಕ್ಕೆ ಟೈಲ್ಸ್ ಹಾಕುವಾಗ ಒಂದು ಮೂಲೆಯಲ್ಲಿ ಒಂದು ಸ್ಟೀಲಿನ ಕಪಾಟಿಗೆ ಜಾಗ ಬಿಡಿ. ಬೀಗ ಹಾಕುವ ಕಪಾಟು ಬೇಡ.

ಇದರಿಂದ ಸಮುದಾಯ ಬದಲಾಗುತ್ತದೆ ಅಂತ ಭಾಷಣ ಮಾಡುವ ಧೈರ್ಯ ನನಗೆ ಇಲ್ಲ. ಬಸ್ಸಿನಲ್ಲಿ ನಾನೂ ಒಂದೊಂದು ದಿನ ಮೊಬೈಲು ತೆಗೆಯುತ್ತೇನೆ, ಕೈ ತಾನಾಗಿ ಕಿಸೆಗೆ ಹೋಗುತ್ತದೆ. ಆದರೆ ಈಗ ಬಸ್ಸು ಹತ್ತಿದ ಕೂಡಲೇ ಒಮ್ಮೆ ಸುತ್ತ ನೋಡಿ ಕೂರುವ ಅಭ್ಯಾಸ ಮಾಡಿಕೊಂಡಿದ್ದೇನೆ, ಸಲಾಂ ಹೇಳುವವರು ಯಾರಾದರೂ ಇದ್ದಾರಾ ಅಂತ. ಮೊನ್ನೆ ಅದೇ ಹುಡುಗ ಉಮ್ಮನ ಜೊತೆ ಹತ್ತಿದ. ಈ ಸಲ ಮೊದಲು ಸಲಾಂ ಹೇಳಿದ್ದು ನಾನು.